ಹದಿನಾಲ್ಕನೇ ನಂಬರಿನ ಸಂದು

ಮಾರ್ಚ್ 4, ಮಂಗಳವಾರ

ಪ್ಯಾಡ್: ಆರು. ಹೆಪ್ಪುಗಟ್ಟಿದ್ದು: ಹೌದು.

ಇಷ್ಟು ಬರೆದರೆ ಸಾಕಂತೆ. ದಿನಾಲೂ ರಕ್ತ ಎಷ್ಟು ಹೋಯಿತೆಂದು ಗುರುತು ಹಾಕಿಡಿ, ಮುಂದಿನ ಸಲ ಬರುವಾಗ ತನ್ನಿ ಎಂದಿದ್ದಾರೆ ಡಾಕ್ಟರಮ್ಮ. ಅದಕ್ಕೊಂದು ಚೀಟಿ ಸಾಲುತ್ತಿತ್ತು. ಆದರೆ ಬಣ್ಣದ ಕಂಪನಿಯವರು ಕೊಟ್ಟ ಡೈರಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು, ದಿನಕ್ಕೊಂದು ಇಡೀ ಪುಟ. ಖಾಲಿ ಜಾಗ ಕಂಡರೆ ಏನಾದರೂ ಬಳಿಯಬೇಕು ಅನ್ನಿಸುವುದು ನನ್ನ ಕಸುಬಿನ ದೋಷ.

ಹಾಗಾದರೆ ಕಸುಬನ್ನೂ ಬರೆದುಬಿಡೋಣ. ನಾನು ದೇಹದ ಮಾದರಿಗಳಿಗೆ ಬಣ್ಣ ಹಚ್ಚುವವಳು. ಶಾಲೆ ಕಾಲೇಜುಗಳ ಕಪಾಟಿನ ಮೇಲೆ ಧೂಳು ತಿನ್ನುತ್ತ ಕೂತಿರುತ್ತವಲ್ಲ, ಹೃದಯ, ಕಿಡ್ನಿ, ಅರ್ಧ ಸೀಳಿದ ತಲೆ, ಅವು. ನಮ್ಮ ವರ್ಕ್‌ಶಾಪಿನಲ್ಲಿ ಒಟ್ಟು ಮೂವತ್ತೊಂದು ಬಗೆ. ಹದಿನಾಲ್ಕನೇ ನಂಬರು ಹೆಣ್ಣಿನ ಜನನಾಂಗ: ನಡುವೆ ತಲೆಕೆಳಗಾದ ಪೇರಳೆಹಣ್ಣಿನಂಥ ಗರ್ಭಕೋಶ, ಎರಡೂ ಕಡೆ ತೋಳು ಚಾಚಿದಂತೆ ಅಂಡನಾಳ, ಪ್ರತಿ ನಾಳದ ತುದಿಗೆ ಸಣ್ಣ ಸಣ್ಣ ಬೆರಳು, ಬೆರಳಿನ ಕೆಳಗೆ ಬಾದಾಮಿಯಂಥ ಅಂಡಾಶಯ. ಗುಲಾಬಿ ಮೂರು, ಗುಲಾಬಿ ಐದು, ಅಂಡಾಶಯಕ್ಕೆ ಹಳದಿ ಒಂದು. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಹೊರಗೆ ಹೋಗಿವೆ.

ಡಾಕ್ಟರಮ್ಮ ಗೋಡೆಯ ಮೇಲಿನ ಚಿತ್ರ ತೋರಿಸಿ ವಿವರಿಸಲು ಹೊರಟಾಗ, "ನಂಗೆ ಗೊತ್ತು" ಅಂದೆ. "ಎಲ್ರೂ ಹಾಗೇ ಅಂತಾರೆ" ಎಂದರು.

ಗರ್ಭಕೋಶದಲ್ಲಿ ಮೂರು ಗಡ್ಡೆ. ದೊಡ್ಡದು ಕಿತ್ತಳೆಯಷ್ಟು. ಕ್ಯಾನ್ಸರ್ ಅಲ್ಲ. ತೆಗೆಸಿಬಿಡಿ ಎಂದರು. ಗಡ್ಡೆಯನ್ನಲ್ಲ, ಇಡೀ ಗರ್ಭಕೋಶವನ್ನೇ. ವಯಸ್ಸು ನಲವತ್ತಾರು, ಮಕ್ಕಳಿಲ್ಲ, ಇನ್ನು ಅದರಿಂದ ಆಗಬೇಕಾದ್ದೇನಿದೆ? ಹಾಗಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಕಾಗದದಲ್ಲಿ ವಯಸ್ಸಿನ ಅಂಕಿಯ ಮೇಲೆ ಪೆನ್ನು ಕುಟ್ಟಿದರು. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಮನೆಯಲ್ಲಿ ತಿಳಿಸಿಲ್ಲ.

ಮಾರ್ಚ್ 6, ಗುರುವಾರ

ಪ್ಯಾಡ್: ಏಳು.

ಅತ್ತೆಯ ತಂಗಿ ಬಂದಿದ್ದರು. ಚಹಾದ ಲೋಟ ಕೆಳಗಿಡುವ ಮೊದಲೇ ಮೊಮ್ಮಗುವಿನ ಫೋಟೊ ಹೊರಬಂತು, ಆಮೇಲೆ ನಿಟ್ಟುಸಿರು, ಆಮೇಲೆ ನನ್ನ ಕಡೆ ಒಂದು ನೋಟ. ಕೂಡಲೇ ಅತ್ತೆ ತಮ್ಮ ಎಂದಿನ ಮಾತು ತೆಗೆದರು.

"ನಂದೇ ತಪ್ಪು ಕಣೆ. ಹದಿನೈದನೇ ವಯಸ್ಸಲ್ಲಿ ಇವನಿಗೆ ಮಂಗನಬಾವು ಬಂದಾಗ ಸರಿಯಾಗಿ ಆರೈಕೆ ಮಾಡಿದ್ದಿದ್ರೆ ಈ ಮನೇಲೂ ಮಕ್ಕಳು ಓಡಾಡ್ತಿದ್ವು."

ನನ್ನ ಗಂಡ ಎಂದಿನಂತೆ ಪೇಪರಿನಿಂದ ತಲೆ ಎತ್ತದೆ, "ಹೋಗ್ಲಿ ಬಿಡಮ್ಮ" ಎಂದರು.

ಇಪ್ಪತ್ತು ವರ್ಷದಿಂದ ಈ ಸಂಭಾಷಣೆಯ ಒಂದಕ್ಷರ ಬದಲಾಗಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ಏನೂ ಆಗದಿದ್ದಾಗ ಆಗಿನ ಡಾಕ್ಟರು ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟಿದ್ದರು. ಇವರು ಮೊದಲು ಹೋದರು. ವಾಪಸು ಬಂದು ಬಾಗಿಲಲ್ಲಿ ಷೂ ಬಿಚ್ಚುತ್ತ, "ಕೊರತೆ ನನ್ನಲ್ಲೇ ಇದೆಯಂತೆ. ಮಂಗನಬಾವಿಂದ ಆದದ್ದಂತೆ. ನೀನು ಹೋಗೋದೇನೂ ಬೇಡ" ಎಂದರು. ತಾಯಿಗೂ ಅಂದೇ ಹೇಳಿದರು. ನಾನು ಹೋಗಲಿಲ್ಲ. ಮರುವರ್ಷ ಈ ಕೆಲಸಕ್ಕೆ ಸೇರಿದೆ.

ಒಂದು ದಿನವೂ ನಾನು ಇವರನ್ನು ಆಡಿಕೊಂಡವಳಲ್ಲ. ಕ್ಷಮಿಸಿದ್ದೇನೆ. ಕ್ಷಮಿಸಿದವಳಿಗೆ ಮಾತು ಬೇಕಿಲ್ಲ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರೆ ಸಾಕು. ಇವತ್ತೂ ಹೋದೆ.

ಮಾರ್ಚ್ 11, ಮಂಗಳವಾರ

ಪ್ಯಾಡ್: ಐದು.

ಅರವತ್ತು ಪೆಟ್ಟಿಗೆಗಳು ವಾಪಸು ಬಂದಿವೆ. ಎಲ್ಲವೂ ಹದಿನಾಲ್ಕನೇ ನಂಬರು. ಪೆಟ್ಟಿಗೆಗಳ ಹಿಂದೆಯೇ ನರ್ಸಿಂಗ್ ಕಾಲೇಜಿನ ಮೇಡಂ ಕೂಡ ಬಂದರು. ಸಣ್ಣ ಆಳು, ದಪ್ಪ ಕನ್ನಡಕ, ಯಾರ ಮುಖವನ್ನೂ ನೋಡದೆ ನೇರ ವಸ್ತುವನ್ನೇ ನೋಡಿ ಮಾತಾಡುವ ಅಭ್ಯಾಸ. ವರ್ಕ್‌ಶಾಪಿನ ಯಜಮಾನರು ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಈ ನಾಳದ ತುದಿ ಅಂಡಾಶಯಕ್ಕೆ ಅಂಟಿಕೊಂಡಿದೆಯಲ್ಲ, ಇದು ಯಾಕೆ?" ಎಂದು ಕೇಳಿದರು.

ಯಜಮಾನರು ನನ್ನ ಕಡೆ ನೋಡಿದರು. ನಾನು ಮಾದರಿಯ ಕಡೆ ನೋಡಿದೆ.

"ಇಲ್ಲಿ ಸಂದು ಇರಬೇಕು" ಎಂದರು ಮೇಡಂ. "ಒಂದೇ ಒಂದು ಬೆರಳು ತಾಗಿದ್ರೆ ತಾಗಿರುತ್ತೆ, ಉಳಿದದ್ದೆಲ್ಲ ಬಿಡಿ. ಅಂಡ ಹೊರಗೆ ಬೀಳುತ್ತೆ, ಈ ಬೆರಳುಗಳು ಅದನ್ನ ಬಾಚಿ ಒಳಗೆ ತಗೋಬೇಕು. ಪ್ರತಿ ತಿಂಗಳೂ ಅದು ಈ ಸಂದು ದಾಟಬೇಕು. ಹೀಗೆ ಸುತ್ತ ಅಂಟಿ ಹೋದ್ರೆ ದಾಟೋದೆಲ್ಲಿಂದ? ಇದು ಆರೋಗ್ಯದ ಮಾದರಿ ಅಲ್ಲ, ರೋಗದ ಮಾದರಿ. ನನ್ನ ಹುಡುಗೀರಿಗೆ ಮೊದಲನೇ ದಿನವೇ ತಪ್ಪು ಕಲಿಸಲಾ?"

ಆರು ವಾರದೊಳಗೆ ಸರಿಯಾದ್ದು ಕೊಟ್ಟರೆ ಸರಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೊರಟರು.

ನಾಲ್ಕು ಸಾವಿರಕ್ಕೂ ಹೆಚ್ಚು. ಒಂದೊಂದರ ಮುಂದೆ ಎಷ್ಟು ತರಗತಿಗಳು ಕೂತು ಎದ್ದಿರಬಹುದು ಎಂದು ಅಂದಾಜು ಹಾಕಲು ಹೋಗಿ ಬಿಟ್ಟೆ.

ಮಾರ್ಚ್ 12, ಬುಧವಾರ

ಪ್ಯಾಡ್: ಐದು.

ಬೆಳಿಗ್ಗೆ ಯಜಮಾನರು ಎಲ್ಲರನ್ನೂ ನಿಲ್ಲಿಸಿ, "ಈ ಅಂಟು ಹಾಕಿದವರು ಯಾರು?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿ ಅಂಟಿನ ಟ್ಯೂಬು ಇದ್ದ ಜೇಬಿಗೆ ಹೋಯಿತು.

ಹಾಕಿದವಳು ನಾನೇ. ಸೇರಿದ ಮೊದಲ ವರ್ಷ ಸಾಗಣೆಯಲ್ಲಿ ಆ ಬೆರಳುಗಳೇ ಮುರಿಯುತ್ತಿದ್ದವು. ಹತ್ತು ಕಳಿಸಿದರೆ ನಾಲ್ಕು ವಾಪಸು. ಒಂದು ಸಂಜೆ ನಾನು ಬೆರಳುಗಳನ್ನು ಅಂಡಾಶಯಕ್ಕೆ ತಾಗಿಸಿ ಸುತ್ತಲೂ ಅಂಟು ಹಾಕಿ, ಮೇಲೆ ಗುಲಾಬಿ ಐದು ಬಳಿದೆ. ಅಂದಿನಿಂದ ಒಂದೂ ಮುರಿದಿಲ್ಲ. ಆಗ ಯಜಮಾನರೇ ಎಲ್ಲರ ಎದುರು ಹೊಗಳಿದ್ದರು. ಅದು ಅವರಿಗೆ ಮರೆತುಹೋಗಿದೆ, ನಾನು ನೆನಪಿಸಲಿಲ್ಲ. ಬಾಯಿಬಿಟ್ಟರೆ ಬಣ್ಣಗೇಡು.

ಬೇಜಾರಾದದ್ದು ಅಚ್ಚಿನ ಮಾವನ ಮುಖ ನೋಡಿ. ಎಲ್ಲ ಅಚ್ಚುಗಳನ್ನೂ ಮಾಡಿದವರು ಅವರು; ನೆಂಟರಲ್ಲ, ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಮಾವ. ಎಪ್ಪತ್ತು ದಾಟಿದೆ, ಕಣ್ಣು ಮಂಜು, ಬೆರಳು ಮಾತ್ರ ಇನ್ನೂ ಚುರುಕು. ನನ್ನ ಮಾದರಿಯೊಂದನ್ನು ಕೈಗೆತ್ತಿಕೊಂಡು ಅಂಟು ಹಾಕಿದ ಜಾಗವನ್ನು ಹೆಬ್ಬೆರಳಿಂದ ಸವರಿದರು.

"ನಾನು ಸಂದು ಬಿಟ್ಟಿದ್ದೆ ಕಣಮ್ಮ" ಎಂದರು. "ಹನ್ನೊಂದು ದಿನ ತಗೊಂಡಿದ್ದೆ ಅದಕ್ಕೆ."

"ಮುರೀತಿತ್ತಲ್ಲ ಮಾವ."

"ಮುರೀತಿತ್ತು, ಸರಿ. ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದಿರಲೂ ಇಲ್ಲ.

ಮಾರ್ಚ್ 17, ಸೋಮವಾರ

ಪ್ಯಾಡ್: ಎಂಟು. ಹೆಪ್ಪು: ಹೌದು, ದೊಡ್ಡದು.

ಡಾಕ್ಟರಮ್ಮ ಈ ಡೈರಿಯನ್ನು ಕೇಳಿದರು. ಪುಟ ಕೊಡದೆ ಅಂಕಿಗಳನ್ನು ಮಾತ್ರ ಓದಿ ಹೇಳಿದೆ. ಹಿಮೋಗ್ಲೋಬಿನ್ ಏಳೂವರೆಗೆ ಇಳಿದಿದೆ. ಎಷ್ಟು ದಿನ ಮೀನಮೇಷ ಎಣಿಸುತ್ತೀರಿ ಎಂದು ಗದರಿದರು. ಒಂದು ಆರ್ಡರು ಇದೆ, ಮುಗಿಸಿ ಬರುತ್ತೇನೆ ಎಂದೆ.

"ನಿಮ್ಮ ಆರ್ಡರು ಕಾಯುತ್ತಮ್ಮ. ರಕ್ತ ಕಾಯಲ್ಲ."

ಆರ್ಡರು ನೆಪ ಅಂತ ನನಗೂ ಗೊತ್ತು. ಬೇರೆ ಯಾರೂ ಓದದ ಪುಟದಲ್ಲಿ ಸುಳ್ಳು ಬರೆದು ಏನು ಲಾಭ? ವಿಷಯ ಇಷ್ಟು: ನನ್ನದರಲ್ಲಿ ದೋಷವಿರಲಿಲ್ಲ. ಬಳಕೆಗೆ ಬರಲಿಲ್ಲ, ಅಷ್ಟೆ. ಪೆಟ್ಟಿಗೆ ಬಿಚ್ಚದ ಮಾದರಿ. ಬಂಧುಗಳು ನಿಟ್ಟುಸಿರು ಬಿಟ್ಟಾಗಲೆಲ್ಲ ನಾನು ತಲೆ ಎತ್ತಿ ಕೂತದ್ದು ಅದರ ಬಲದಿಂದ. ಈಗ ಅದನ್ನು ತೆಗೆದು ಬಕೆಟ್ಟಿಗೆ ಹಾಕಿದರೆ, ಕೊರತೆ ಇದ್ದವರೂ ಇಲ್ಲದವರೂ ಒಂದೇ ಆಗಿಬಿಡುತ್ತೇವೆ. ಇದು ಸಣ್ಣ ಬುದ್ಧಿ. ಸಣ್ಣದಾದರೂ ನನ್ನದು.

ಮಾರ್ಚ್ 21, ಶುಕ್ರವಾರ

ಪ್ಯಾಡ್: ಎಂಟು.

ಬೆರಳುಗಳೊಳಗೆ ತಂತಿ ಹಾಕಿ ನೋಡಿದೆವು, ಬಣ್ಣ ಕಿತ್ತು ಬಂತು. ಬೆರಳನ್ನು ದಪ್ಪ ಮಾಡಿ ನೋಡಿದೆವು, ಬಾಳೆಗೊನೆಯ ಹಾಗೆ ಕಂಡಿತು. ಅಚ್ಚಿನ ಮಾವ ದಿನವಿಡೀ ನನ್ನ ಪಕ್ಕದಲ್ಲೇ ಕೂತಿರುತ್ತಾರೆ, ಮಾತು ಕಡಿಮೆ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತೆ.

ಮಾರ್ಚ್ 26, ಬುಧವಾರ

ಪ್ಯಾಡ್: ಒಂಬತ್ತು.

ಅತ್ತೆ ಬಚ್ಚಲಿನ ಕಸದ ಬುಟ್ಟಿ ನೋಡಿದ್ದಾರೆ. ಇವರು ಕೆಲಸಕ್ಕೆ ಹೊರಡುವವರೆಗೆ ಸುಮ್ಮನಿದ್ದರು. ಇವರದ್ದು ಲಿಫ್ಟ್ ರಿಪೇರಿ ಕೆಲಸ, ಬೆಳಿಗ್ಗೆ ಏಳಕ್ಕೇ ಹೋಗುತ್ತಾರೆ. ಬಾಗಿಲು ಮುಚ್ಚಿದ ಸದ್ದಾದ ಮೇಲೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು. ಜಾಸ್ತಿ ಆದದ್ದು ಈಚೆಗೆ."

"ಡಾಕ್ಟರು ಏನಂದ್ರು?"

ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಮೇಜಿನ ಮೇಲಿನ ಬಟ್ಟೆಯ ಅಂಚು ಸರಿಮಾಡುತ್ತ ಕೂತರು. ಆಮೇಲೆ, "ನನ್ನ ಹರ್ನಿಯಾ ಆಪರೇಷನ್ ಗೊತ್ತಲ್ಲ?" ಎಂದರು.

ಗೊತ್ತಿಲ್ಲದೆ ಏನು. ಈ ಮನೆಯ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲು. ಹರ್ನಿಯಾಕ್ಕೆ ಮೊದಲು, ಹರ್ನಿಯಾ ಆದ ಮೇಲೆ.

"ಅದು ಹರ್ನಿಯಾ ಅಲ್ಲ. ಅದೇ. ಚೀಲ ತೆಗೆದದ್ದು. ಮೂವತ್ತೆಂಟು ಆಗಿತ್ತು ನಂಗೆ."

"ಮನೇಲಿ ಮಾವನಿಗೆ ಗೊತ್ತಿತ್ತಾ?"

"ಅವರಿಗೂ ಹರ್ನಿಯಾ ಅಂತಲೇ ಹೇಳಿದ್ದೆ. ಹರ್ನಿಯಾ ಅಂದ್ರೆ ಏನು ಅಂತ ಅವರಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಹೊಟ್ಟೆ ಕೊಯ್ತಾರೆ ಅಂತ ಕೇಳಿದ್ದೆ, ಸಾಕಾಯ್ತು."

ಅತ್ತೆ ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿಗೆ ಊರೇ ಇವರ ಕಿವಿಯ ಮೂಲಕ ಮಾತಾಡಿದೆ, ಇವರ ಬಾಯಿಂದ ಒಂದು ಸುದ್ದಿ ಆಚೆ ಬಿದ್ದದ್ದಿಲ್ಲ. ಹಾಗಿದ್ದರೂ ನಲವತ್ತು ವರ್ಷದ ಹರ್ನಿಯಾ! ನಾನು ನಕ್ಕೆ. ಅವರು ನಗಲಿಲ್ಲ.

"ನಗ್ತಾ ಕೂರಬೇಡ. ತೆಗೆಸ್ಕೋ. ಸತ್ತರೆ ನನ್ನನ್ನ ನೋಡ್ಕೊಳ್ಳೋರು ಯಾರು?"

ಏಪ್ರಿಲ್ 2, ಬುಧವಾರ

ಪ್ಯಾಡ್: ಹತ್ತು ಇರಬೇಕು.

ದಾರಿ ಸಿಕ್ಕಿತು. ಬೆರಳುಗಳನ್ನು ಮಾತ್ರ ಮೆತ್ತನೆಯ ರಬ್ಬರಿನಲ್ಲಿ ಎರಕ ಹೊಯ್ದು ನಾಳಕ್ಕೆ ಕೂಡಿಸಿದೆವು. ಬಗ್ಗುತ್ತವೆ, ಮುರಿಯುವುದಿಲ್ಲ. ಅಚ್ಚಿನ ಮಾವ ಮೇಜಿನಿಂದ ಒಂದನ್ನು ಬೇಕೆಂದೇ ಕೆಳಗೆ ಬೀಳಿಸಿದರು. ಎತ್ತಿ ನೋಡಿದರೆ ಸಂದು ಹಾಗೇ ಇದೆ, ಕಾಳುಮೆಣಸೊಂದು ಹಾದುಹೋಗುವಷ್ಟು. ಹತ್ತೊಂಬತ್ತು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಯಾರಿಗೂ ಬೇಕಿರಲಿಲ್ಲ. ನನ್ನ ಅಂಟು ಎಲ್ಲರ ಬಾಯಿ ಮುಚ್ಚಿಸಿತ್ತು.

"ಮೊದಲೇ ಕೇಳಿದ್ರೆ?" ಎಂದರು ಮಾವ. ಈ ಸಲ ಮುಖದಲ್ಲಿ ನಗು ಇತ್ತು.

ತಲೆ ತಿರುಗುತ್ತಿದೆ. ಇನ್ನು ಅರವತ್ತಕ್ಕೂ ಬಣ್ಣ ಹಚ್ಚಬೇಕು.

ಏಪ್ರಿಲ್ 5, ಶನಿವಾರ

ಆಸ್ಪತ್ರೆಯ ಹಾಸಿಗೆ. ಎಡಗೈಗೆ ಸೂಜಿ, ಬಲಗೈಯಲ್ಲಿ ಪೆನ್ನು.

ನಿನ್ನೆ ಹನ್ನೆರಡನೇ ಮಾದರಿಗೆ ಹಳದಿ ಹಚ್ಚುತ್ತಿದ್ದದ್ದು ನೆನಪಿದೆ. ಆಮೇಲೆ ನೆಲದ ಸಿಮೆಂಟು ಕೆನ್ನೆಗೆ ತಣ್ಣಗೆ ತಾಗಿದ್ದು. ಕುರ್ಚಿ, ಮೇಜಿನ ಕಾಲು, ನೆಲ, ಎಲ್ಲ ಕೆಂಪಾಗಿತ್ತಂತೆ. ಯಜಮಾನರು ಮೊದಲು ಡಬ್ಬಿ ಚೆಲ್ಲಿದೆ ಅಂದುಕೊಂಡರಂತೆ. ಅಚ್ಚಿನ ಮಾವ, "ನಮ್ಮಲ್ಲಿ ಈ ಕೆಂಪು ಇಲ್ಲ" ಎಂದು ಕೂಗಿದರಂತೆ. ಅವರ ಮಂಜು ಕಣ್ಣಿಗೂ ತಿಳಿಯಿತು.

ಎರಡು ಬಾಟಲಿ ರಕ್ತ ಕೊಟ್ಟಿದ್ದಾರೆ.

ಇವರು ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದರು. ಅಂಗಿಗೆಲ್ಲ ಗ್ರೀಸು, ಆಸ್ಪತ್ರೆಯವರು ಹಾಸಿಗೆ ಮುಟ್ಟಲು ಬಿಡಲಿಲ್ಲ. ಬಾಗಿಲ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಂತರು. "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ಲಿಫ್ಟಿನ ಯಾವ ಗುಂಡಿ ಕೈಕೊಟ್ಟಿತು ಎಂದು ವಿಚಾರಿಸುವ ದನಿ. ಅವರ ಕಣ್ಣು ಕೆಂಪಾಗಿತ್ತು.

ಏಪ್ರಿಲ್ 9, ಬುಧವಾರ

ಪ್ಯಾಡ್: ನಾಲ್ಕು.

ಸಹಿ ಹಾಕಿದೆ. ಬರುವ ಮಂಗಳವಾರ ಆಪರೇಷನ್. ಗರ್ಭಕೋಶ ತೆಗೆದು ಅಂಡಾಶಯ ಎರಡನ್ನೂ ಉಳಿಸುತ್ತಾರಂತೆ. ನಿಮ್ಮದು ಹಿಂದಕ್ಕೆ ವಾಲಿದೆ ಎಂದರು ಡಾಕ್ಟರಮ್ಮ, ಹೆಚ್ಚಿನವರದು ಮುಂದಕ್ಕೆ ಬಾಗಿರುತ್ತದಂತೆ. ನಮ್ಮ ಹದಿನಾಲ್ಕನೇ ನಂಬರು ನೆಟ್ಟಗೆ ನಿಂತಿರುತ್ತದೆ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ. ಹಾಗೆ ಯಾರದ್ದೂ ಇರುವುದಿಲ್ಲ ಅಂತಾಯಿತು.

ಕಾಗದದಲ್ಲಿ ಹೆಸರು, ವಯಸ್ಸು, ಮಕ್ಕಳ ಸಂಖ್ಯೆ ಎಂಬ ಖಾನೆ. ಇವರು ತುಂಬುತ್ತಿದ್ದರು. ಮೂರನೆಯದಕ್ಕೆ ಪೆನ್ನು ಬಂದಾಗ ನಿಂತು, ನನ್ನ ಕಡೆ ನೋಡದೆ ಒಂದು ಸೊನ್ನೆ ಬರೆದರು. ಬಹಳ ಸಣ್ಣ ಸೊನ್ನೆ.

ಏಪ್ರಿಲ್ 14, ಸೋಮವಾರ

ಪ್ಯಾಡ್: ಮೂರು.

ನಾಳೆ. ಹೆದರಿಕೆ ಇಲ್ಲ ಎಂದು ಬರೆಯಲು ಕೂತೆ. ಇದೆ.

ಏಪ್ರಿಲ್ 18, ಶುಕ್ರವಾರ

ನಕ್ಕರೆ ನೋವು, ಕೆಮ್ಮಿದರೆ ನೋವು, ಸುಮ್ಮನಿದ್ದರೆ ಬೇಸರ.

ಇವತ್ತು ಡಾಕ್ಟರಮ್ಮ ಒಬ್ಬರೇ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಗಡ್ಡೆಯ ವಿಷಯ ಸರಿಯಾಗಿದೆ. ಆದರೆ ಒಳಗೆ ಇನ್ನೊಂದು ಕಂಡಿತು ಎಂದರು. ನಾಳಗಳನ್ನೂ ತೆಗೆಯಬೇಕಾಯಿತು, ಬಲಗಡೆಯ ಅಂಡಾಶಯವನ್ನೂ. ಎಡಗಡೆಯದು ಮಾತ್ರ ಉಳಿಸಿದ್ದಾರೆ.

"ಯಾಕೆ?"

"ಎರಡೂ ಕಡೆ ನಾಳದ ತುದಿ ಅಂಡಾಶಯಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಬಹಳ ಹಳೇದು. ಚಿಕ್ಕ ವಯಸ್ಸಲ್ಲಿ ಯಾವಾಗಲೋ ಸೋಂಕಾಗಿರಬೇಕು. ಹೊಟ್ಟೆನೋವು ಬಂದು ಜ್ವರ ಬಂದು ಮಲಗಿದ್ದು ನೆನಪಿದೆಯಾ?"

ಹದಿನೇಳನೇ ವಯಸ್ಸಿನಲ್ಲಿ ಹನ್ನೆರಡು ದಿನ. ಅಪೆಂಡಿಕ್ಸ್ ಅಂದಿದ್ದರು, ಆಮೇಲೆ ಅಲ್ಲ ಅಂದಿದ್ದರು, ಆಮೇಲೆ ತಾನಾಗಿ ಇಳಿದಿತ್ತು.

"ಮಕ್ಕಳಾಗದೆ ಇದ್ದದ್ದು ಇದರಿಂದಲಾ?" ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಹೌದು ಅಂತಲೇ ಹೇಳಬೇಕು. ಸ್ಕ್ಯಾನಲ್ಲಿ ಇದು ಕಾಣದೇ ಹೋಗುತ್ತೆ. ಆಗ ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಸಿದ್ರೆ ಗೊತ್ತಾಗ್ತಿತ್ತು. ಯಾರೂ ಮಾಡಿಸ್ಲಿಲ್ವಾ?"

ಯಾರೂ ಮಾಡಿಸಲಿಲ್ಲ. ನೀನು ಹೋಗೋದೇನೂ ಬೇಡ ಎಂದಿದ್ದರು.

ಅವರು ಹೋದ ಮೇಲೆ ಛಾವಣಿಯ ಪಟ್ಟಿಗಳನ್ನು ಎಣಿಸಿದೆ. ಇಪ್ಪತ್ತೆರಡು.

ಏಪ್ರಿಲ್ 20, ಭಾನುವಾರ

ತೆಗೆದದ್ದರ ಫೋಟೊ ತೋರಿಸಿ ಎಂದು ಕೇಳಿದೆ. ಡಾಕ್ಟರಮ್ಮ ಹಿಂದೆಗೆದರು. ನನ್ನ ಕಸುಬು ಹೇಳಿದ ಮೇಲೆ ಫೋನು ಕೊಟ್ಟರು.

ನಮ್ಮ ಗುಲಾಬಿ ತಪ್ಪು. ಮೂರೂ ತಪ್ಪು, ಐದೂ ತಪ್ಪು. ಒಳಗಿನದು ಅಷ್ಟು ನಗುನಗುತ್ತ ಇರುವುದಿಲ್ಲ. ಮಾಸಲು ಕೆಂಪು, ಅದರಲ್ಲಿ ಒಂದಿಷ್ಟು ಬೂದಿ, ಅಂಚಿನಲ್ಲಿ ನೀಲಿ. ಗಡ್ಡೆಗಳು ಬಿಳಿಚಿಕೊಂಡಿದ್ದವು. ಪರದೆಯ ಮೇಲೆ ಬೆರಳು ಹಿಗ್ಗಿಸಿ ನಾಳದ ತುದಿ ನೋಡಿದೆ. ಬೆರಳುಗಳೇ ಇಲ್ಲ, ಬಾದಾಮಿಯ ಸುತ್ತ ಕರಗಿ ಒಂದೇ ಮುದ್ದೆಯಾಗಿವೆ. ಎಷ್ಟು ಅಚ್ಚುಕಟ್ಟಾದ ಅಂಟು. ನಾನು ಹಾಕಿದ್ದಕ್ಕಿಂತ ಚೆನ್ನಾಗಿತ್ತು.

ದೋಷವಿಲ್ಲದ ಮಾದರಿ ಎಂದು ಬರೆದ ಪುಟ ಹಿಂದೆ ಇದೆ. ಹರಿಯಬೇಕು ಅನ್ನಿಸಿತು, ಹರಿಯಲಿಲ್ಲ.

ಒಂದು ಗೊತ್ತಾಗಬೇಕು. ಇವರಲ್ಲೂ ಕೊರತೆ, ನನ್ನಲ್ಲೂ ಕೊರತೆಯೇ? ಹಾಗಿದ್ದರೆ ಸಮಸಮ. ಮನೆಗೆ ಹೋಗಿ ಕೇಳುತ್ತೇನೆ.

ಏಪ್ರಿಲ್ 24, ಗುರುವಾರ

ಮನೆ.

ಅತ್ತೆ ಮಧ್ಯಾಹ್ನ ಮಲಗಿದ್ದರು. ಇವರು ರಜೆ ಹಾಕಿ ನನ್ನ ಮಂಚದ ಪಕ್ಕ ಕಿತ್ತಳೆ ಸುಲಿಯುತ್ತಿದ್ದರು. ಬಿಳಿ ನಾರು ಒಂದೂ ಉಳಿಯಬಾರದು ಇವರಿಗೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಸುಲಿಯುತ್ತಲೇ ಕೇಳಿಸಿಕೊಂಡರು.

"ನಿಮ್ಮ ರಿಪೋರ್ಟಲ್ಲಿ ಏನಿತ್ತು?" ಎಂದೆ.

"ಯಾವ ರಿಪೋರ್ಟು?"

"ರೀ."

ಎರಡು ತೊಳೆ ತಟ್ಟೆಗೆ ಇಟ್ಟರು. "ಸರಿ ಇತ್ತು" ಎಂದರು.

"ಸರಿ ಇತ್ತು ಅಂದ್ರೆ?"

"ಎಲ್ಲ ಸರಿ ಇತ್ತು. ಮಂಗನಬಾವಿಂದ ಏನೂ ಆಗಿರ್ಲಿಲ್ಲ."

ಆಮೇಲೆ ತುಂಡು ತುಂಡಾಗಿ ಹೇಳಿದರು. ಆ ತಿಂಗಳು ಅತ್ತೆ ಬೇರೆ ಹುಡುಗಿ ನೋಡುವ ಮಾತೆತ್ತಿದ್ದರಂತೆ. ನನ್ನ ರಿಪೋರ್ಟ್ ಬಂದರೆ ಮಾತು ಗಟ್ಟಿಯಾಗುತ್ತದೆ. ಬರದಿದ್ದರೆ ಗಟ್ಟಿಯಾಗುವುದಿಲ್ಲ. ಲ್ಯಾಬಿನಿಂದ ಮನೆಗೆ ನಡೆದು ಬರುವ ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದಂತೆ. ಅಷ್ಟೇ.

ಸಿಟ್ಟು ಬಂತು. ಇಷ್ಟು ಸಿಟ್ಟು ಜೀವಮಾನದಲ್ಲಿ ಬಂದಿರಲಿಲ್ಲ. ಪರೀಕ್ಷೆ ಮಾಡಿಸಿದ್ದಿದ್ದರೆ ಅಂಟಿದ್ದನ್ನು ಬಿಡಿಸಲು ಆಗುತ್ತಿತ್ತೋ ಏನೋ. ಆಗದಿದ್ದರೂ ಗೊತ್ತಾದರೂ ಆಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಕೇಳಿದ್ದೆ, ಈ ಎಮ್ಮೆ ತಾನೇ ಹೋಗಿ ಬರೆ ಹಾಕಿಸಿಕೊಂಡು ಬಂದಿದೆ.

"ಇಪ್ಪತ್ತು ವರ್ಷ ನಿಮ್ಮನ್ನ ಕ್ಷಮಿಸ್ತಾ ಕೂತಿದ್ದೆನಲ್ರೀ!"

"ಚೆನ್ನಾಗೇ ಕ್ಷಮಿಸ್ತಿದ್ದೆ" ಎಂದರು. "ಅಮ್ಮನಿಗೆ ಮಾತ್ರ ಹೇಳಬೇಡ. ಈ ವಯಸ್ಸಲ್ಲಿ ತಾನು ಏನು ಮಾಡೋಕೆ ಹೊರಟಿದ್ದೆ ಅಂತ ನೆನೆಸ್ಕೊಂಡು ಕೊರಗ್ತಾಳೆ."

ಕಿತ್ತಳೆ ತಿನ್ನಲಿಲ್ಲ.

ಏಪ್ರಿಲ್ 25, ಶುಕ್ರವಾರ

ಇವರ ಜೊತೆ ಮಾತಾಡಲಿಲ್ಲ.

ಏಪ್ರಿಲ್ 27, ಭಾನುವಾರ

ಅಚ್ಚಿನ ಮಾವ ನೋಡಲು ಬಂದಿದ್ದರು. ಅರವತ್ತಕ್ಕೂ ಬಣ್ಣ ಮುಗಿದು, ಹೇಳಿದ ದಿನಕ್ಕೆ ಸರಿಯಾಗಿ ಹೋಗಿವೆಯಂತೆ. ಉಳಿದದ್ದಕ್ಕೆ ಬಣ್ಣ ಹಚ್ಚಿದವರು ಯಜಮಾನರೇ. "ಗುಲಾಬಿ ಗೆರೆ ದಾಟಿ ಹೋಗಿದೆ, ಮದುವೆಮನೇಲಿ ಗೋರಂಟಿ ಹಚ್ಚಿದ ಕೈಗಳ ಹಾಗೆ" ಎಂದು ಮಾವ ಗೊಣಗಿದರು. ನಕ್ಕು ಹೊಲಿಗೆ ಹಿಡಿದುಕೊಂಡೆ.

ಹೊರಡುವಾಗ, "ನಿಂಗೆ ಅವತ್ತು ಹಾಗನ್ನಬಾರದಿತ್ತು" ಎಂದರು. "ಅಂಟು ಹಾಕಿದ್ದು ಕೆಟ್ಟದಕ್ಕಲ್ಲ. ಮುರೀಬಾರದು ಅಂತ ತಾನೇ?"

"ಒಂದು ಮಾತು ಕೇಳಬಹುದಿತ್ತು ಮಾವ" ಎಂದೆ.

"ಕೇಳಬಹುದಿತ್ತು" ಎಂದು ಒಪ್ಪಿಕೊಂಡರು.

ಅವರು ಹೋದ ಮೇಲೆ ಇವರು ತಟ್ಟೆ ತಂದರು. ಕಿತ್ತಳೆ, ನಾರಿಲ್ಲದ್ದು. ತಿಂದೆ.

ಏಪ್ರಿಲ್ 29, ಮಂಗಳವಾರ

ಇವರು ಕೆಲಸಕ್ಕೆ ಹೋದರು. ಬಾಗಿಲು ಮುಚ್ಚಿದ ಸದ್ದಾದ ಮೇಲೆ ಈ ಸಲ ನಾನೇ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡೆ. ಹೇಳಬೇಡ ಎಂದಿದ್ದರು ಇವರು. ಆದರೆ ಪ್ರತಿ ಸಲ ಯಾರಾದರೂ ಬಂದಾಗ ಆ ಮನುಷ್ಯ ಪೇಪರಿನ ಹಿಂದೆ ತಲೆ ತಗ್ಗಿಸಿ ಕೂರುವುದನ್ನು ಇನ್ನು ನೋಡಲಾರೆ. ಎರಡು ದಿನದಿಂದ ಮನಸ್ಸಿನಲ್ಲೇ ಮಾತು ಜೋಡಿಸಿದ್ದೆ.

"ಅತ್ತೆ, ಕೊರತೆ ಇದ್ದದ್ದು ಅವರಲ್ಲಿ ಅಲ್ಲ. ನನ್ನಲ್ಲಿ. ಡಾಕ್ಟರು ಕಣ್ಣಾರೆ ನೋಡಿದ್ದಾರೆ. ಅವರ ರಿಪೋರ್ಟ್ ಸರಿಯಾಗಿತ್ತಂತೆ. ನಮ್ಮಿಬ್ಬರಿಗೂ ಸುಳ್ಳು ಹೇಳಿದ್ರು."

ಅತ್ತೆ ಮೇಜಿನ ಬಟ್ಟೆಯ ಅಂಚು ಸರಿಮಾಡಿದರು.

"ಗೊತ್ತು" ಎಂದರು.

"ಏನು ಗೊತ್ತು?"

"ರಿಪೋರ್ಟು. ಮಾರನೇ ದಿನವೇ ಅಂಗಿ ಒಗೆಯೋವಾಗ ಜೇಬಲ್ಲಿ ಸಿಕ್ತು. ಅರ್ಧ ನೆನೆದಿತ್ತು, ಓದೋಕೆ ಬರ್ತಿತ್ತು. ಒಣಗಿಸಿ ಟ್ರಂಕಲ್ಲಿ ಇಟ್ಟಿದ್ದೀನಿ."

ಅತ್ತೆ ಮುಂದುವರಿಸಿದರು, ನನ್ನನ್ನಲ್ಲ, ಮೇಜನ್ನು ನೋಡುತ್ತ.

"ಬೇರೆ ಹುಡುಗಿ ನೋಡೋಣ ಅಂದಿದ್ದೆ ನಾನು. ಆ ಚೀಟಿ ಓದಿ ಎಷ್ಟು ನಾಚಿಕೆ ಆಯ್ತು ಅಂದ್ರೆ! ಹೆತ್ತ ಮಗ ನನಗೆ ಇಷ್ಟು ಹೆದರಿ ತನ್ನ ಮೇಲೇ ಹಾಕ್ಕೊಂಡನಲ್ಲ ಅಂತ. ಅವತ್ತಿಂದ ಯಾರು ಬಂದು ಕೆದಕಿದ್ರೂ ನಾನೇ ಮೊದಲು ಬಾಯಿ ಹಾಕ್ತೀನಿ, ಮಂಗನಬಾವು ಅಂತೀನಿ. ಅವನ ಮಾತು ಸುಳ್ಳಾಗಬಾರದು, ನಿನ್ನ ತಂಟೆಗೆ ಯಾರೂ ಬರಬಾರದು."

"ಇಪ್ಪತ್ತು ವರ್ಷಾನಾ, ಅತ್ತೆ?"

"ಎಕ್ಸ್‌ಚೇಂಜಲ್ಲಿ ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇದೇನು ದೊಡ್ಡದು?" ಆಮೇಲೆ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ತಣ್ಣಗಿತ್ತು. "ಅವನಿಗೆ ಹೇಳಬೇಡ. ನಂಗೆ ಗೊತ್ತು ಅಂತ ಅವನಿಗೆ ಗೊತ್ತಾದ್ರೆ ಮುಖ ಎತ್ತಿ ನೋಡಲ್ಲ."

ನಾನು ಅತ್ತುಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಅತ್ತೆಯ ಮುಂದೆ ಕಣ್ಣೀರು ಹಾಕಿದ್ದು ಇದೇ ಮೊದಲು.

ಮೇ 26, ಸೋಮವಾರ

ಮತ್ತೆ ಕೆಲಸಕ್ಕೆ. ಭಾರ ಎತ್ತುವ ಹಾಗಿಲ್ಲ, ಕೂತು ಬಣ್ಣ ಹಚ್ಚಬಹುದು. ಫೋಟೊದಲ್ಲಿ ನೋಡಿದ ಬಣ್ಣ ಬೆರೆಸಿದೆ: ಮಾಸಲು ಕೆಂಪು, ಬೂದಿ, ಒಂದು ಹನಿ ನೀಲಿ. ಯಜಮಾನರು ಮೂಗು ಮುರಿದರು, ಮೇಡಂ ಇದೇ ಇರಲಿ ಎಂದರು. ಕಳಿಸಿದ ಅರವತ್ತರಲ್ಲಿ ಒಂದು ಬೆರಳೂ ಮುರಿದಿಲ್ಲವಂತೆ. ಡಬ್ಬಿಯ ಮೇಲೆ ಈ ಬಣ್ಣಕ್ಕೆ ಯಾವ ನಂಬರು ಎಂದು ಯಜಮಾನರು ಕೇಳಿದ್ದಕ್ಕೆ ನನ್ನ ಹೆಸರು ಬರೆದುಬಿಟ್ಟೆ.

ಸಂಜೆ ಅತ್ತೆಯ ತಂಗಿ ಬಂದಿದ್ದರು, ನನ್ನನ್ನು ನೋಡಲಿಕ್ಕೆಂದು. ಹರ್ನಿಯಾ ಆಪರೇಷನ್ ಎಂದು ಅತ್ತೆ ಮೊದಲೇ ಹೇಳಿಟ್ಟಿದ್ದಾರೆ. ಚಹಾ ಬಂತು. ಮೊಮ್ಮಗುವಿನ ಹೊಸ ಫೋಟೊ ಬಂತು, ಈಗ ಅದಕ್ಕೆ ಹಲ್ಲು ಬಂದಿದೆ. ನಿಟ್ಟುಸಿರು. ನನ್ನ ಕಡೆ ನೋಟ.

"ನಂದೇ ತಪ್ಪು ಕಣೆ" ಎಂದು ಅತ್ತೆ ಶುರುಮಾಡಿದರು. "ಹದಿನೈದನೇ ವಯಸ್ಸಲ್ಲಿ ಇವನಿಗೆ ಮಂಗನಬಾವು ಬಂದಾಗ ಸರಿಯಾಗಿ ಆರೈಕೆ ಮಾಡಿದ್ದಿದ್ರೆ..."

"ಹೋಗ್ಲಿ ಬಿಡಮ್ಮ" ಎಂದರು ಇವರು, ಪೇಪರಿನ ಹಿಂದಿನಿಂದ.

ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುವ ಹೊತ್ತು. ಹೋಗಲಿಲ್ಲ. ಇವರ ಪಕ್ಕದ ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ. ಎದುರಿಗೆ ಅತ್ತೆ, ಪಕ್ಕದಲ್ಲಿ ಇವರು. ಇಬ್ಬರ ಮುಖದಲ್ಲೂ ಎಷ್ಟು ನಿಜವಾದ ದುಃಖ. ತಡೆಯಲಾಗಲಿಲ್ಲ, ನಗು ಬಂದುಬಿಟ್ಟಿತು. ಹೊಲಿಗೆ ಎಳೆಯಿತು.

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಏನೂ ಇಲ್ಲ" ಅಂದೆ.